ಸೀಟು ಹಿಡಿಯುವ ಮೊದಲು ದುಡ್ಡಿನ ದಾರಿ ನೋಡಿಕೊಳ್ಳಿ

(ನರ್ಸಿಂಗ್, ಮೆಡಿಕಲ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಓದಬೇಕು ಅಂತಿರುವ ಗಡಿ ತಾಲ್ಲೂಕುಗಳ ಮಕ್ಕಳ ಮುಂದೆ ಆಡಿದ ಮಾತು. ಬರಲಾಗದವರಿಗಾಗಿ ಬರೆದು ಹಾಕುತ್ತಿದ್ದೇವೆ. ಓದಿ, ಬೇಕಾದವರಿಗೆ ಕಳಿಸಿ.)

ಇವತ್ತು ನಾವು ಭಾಷೆಯ ಬಗ್ಗೆ ಭಾಷಣ ಮಾಡೋಕೆ ಬಂದಿಲ್ಲ. ದುಡ್ಡಿನ ಬಗ್ಗೆ ಮಾತಾಡೋಕೆ ಬಂದಿದ್ದೇವೆ. ಆದರೆ ಎರಡಕ್ಕೂ ಸಂಬಂಧ ಇದೆ, ಅದನ್ನ ಮೊದಲು ಹೇಳಿಬಿಡ್ತೀವಿ.

2020ರ ಮಾರ್ಚ್ ತಿಂಗಳು ನೆನಪಿದೆಯಲ್ಲ. ಕೊರೊನಾ ಕಾಲದಲ್ಲಿ ತಲಪಾಡಿ ಗಡಿಗೆ ಮಣ್ಣು ಸುರಿದು ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಪ್ರಾಣ ಬಿಟ್ಟರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅವತ್ತು ನಮಗೆ ಗೊತ್ತಾಗಿದ್ದು ಇಷ್ಟು: ಆಚೆ ಊರಿನ ಆಸ್ಪತ್ರೆಯನ್ನೇ ನಂಬಿಕೊಂಡು ಬದುಕೋದು ಎಷ್ಟು ದಿನ? ನಮ್ಮೂರಲ್ಲೇ ನಮ್ಮ ನರ್ಸು, ನಮ್ಮ ಡಾಕ್ಟರು ಇರಬೇಕು. ಜತ್ತದ ಅಜ್ಜಿ, ತಾಳವಾಡಿಯ ತಾಯಿ, ಮಡಕಶಿರಾದ ಮುದುಕ ತನ್ನ ನೋವನ್ನ ತನ್ನ ಮಾತಲ್ಲೇ ಹೇಳಿದರೆ ಎದುರಿಗಿರೋರಿಗೆ ಅದು ತಿಳಿಯಬೇಕು. ಹೊಟ್ಟೆ ತೊಳಸುತ್ತೆ, ಎದೆ ಹಿಡಿದಂಗಾಗ್ತದೆ, ಕಣ್ಣು ಕತ್ತಲೆ ಬರ್ತದೆ ಅನ್ನೋ ಮಾತು ಬೇರೆ ಭಾಷೆಯ ಕೇಸ್ ಶೀಟಿಗೆ ಹೋಗುವಾಗ ಅರ್ಧ ಸೋರಿಹೋಗ್ತದೆ. ಆ ಜಾಗದಲ್ಲಿ ಕೂರಬೇಕಾದವರು ನೀವು.

ಈಗ ದುಡ್ಡಿನ ವಿಷಯಕ್ಕೆ ಬರೋಣ.

ನಮ್ಮ ಕಡೆ ಮಕ್ಕಳು ಆರೋಗ್ಯದ ಓದಿಗೆ ಸೇರುವ ರೀತಿ ಹೆಚ್ಚುಕಡಿಮೆ ಒಂದೇ. ರಿಸಲ್ಟ್ ಬಂದ ವಾರದಲ್ಲಿ ಒಬ್ಬ ಏಜೆಂಟ್ ಫೋನ್ ಮಾಡ್ತಾನೆ. ಬೆಂಗಳೂರಲ್ಲೋ ಮಂಗಳೂರಲ್ಲೋ ಕಲಬುರಗಿಯಲ್ಲೋ ನರ್ಸಿಂಗ್ ಸೀಟಿದೆ, ಇವತ್ತೇ ಅಡ್ವಾನ್ಸ್ ಕಟ್ಟಿ, ಸ್ಕಾಲರ್‌ಶಿಪ್ ಆಮೇಲೆ ನಾವೇ ಮಾಡಿಸಿಕೊಡ್ತೀವಿ ಅಂತಾನೆ. ಅಮ್ಮನ ಬಳೆ, ಸರ ಅಡ ಇಟ್ಟು ಮೊದಲ ವರ್ಷದ ಫೀ ಕಟ್ಟುತ್ತಾರೆ. ಎರಡನೇ ವರ್ಷ ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಕೂತಾಗ ಕಂಪ್ಯೂಟರು ಒಪ್ಪೋದಿಲ್ಲ. ಊರಿನ ರಾಜ್ಯದಲ್ಲಿ ಕೇಳಿದರೆ ನೀನು ಹೊರಗೆ ಓದ್ತಿದ್ದೀಯ ಅಂತಾರೆ. ಕರ್ನಾಟಕದಲ್ಲಿ ಕೇಳಿದರೆ ನೀನು ಹೊರಗಿನವಳು ಅಂತಾರೆ. ಮೂರನೇ ವರ್ಷಕ್ಕೆ ಆ ಹುಡುಗಿ ಮನೆಯಲ್ಲಿರುತ್ತಾಳೆ, ಅಂಕಪಟ್ಟಿ ಕಾಲೇಜಿನಲ್ಲಿರುತ್ತದೆ.

ಇದು ಯಾರೋ ಒಬ್ಬರ ಕತೆ ಅಲ್ಲ. ಗಡಿಯ ಎಲ್ಲ ಕಡೆಯಿಂದ ನಮಗೆ ಬರುವ ಫೋನುಗಳ ಸಾರ ಇದು. ಹಾಗಾಗಿ ಇವತ್ತಿನ ಮಾತಲ್ಲಿ ನೆನಪಿಡಬೇಕಾದ್ದು ಒಂದೇ: ಸಹಾಯಧನ ನಿಮ್ಮ ಭಾಷೆ ನೋಡಿ ಬರಲ್ಲ, ನಿಮ್ಮ ದಾಖಲೆ ನೋಡಿ ಬರ್ತದೆ. ನೀವು ಯಾವ ರಾಜ್ಯಕ್ಕೆ ಸೇರಿದವರು, ಯಾವ ಶಾಲೆಯಲ್ಲಿ ಓದಿದಿರಿ, ಸೀಟು ಯಾವ ದಾರಿಯಲ್ಲಿ ಸಿಕ್ಕಿತು, ಈ ಮೂರನ್ನು ನೋಡ್ತಾರೆ. ಸೀಟು ಹಿಡಿಯೋ ಮೊದಲೇ ಈ ಮೂರರ ಲೆಕ್ಕ ಹಾಕಿದರೆ ಬಳೆ ಉಳಿಯುತ್ತೆ, ಓದೂ ಉಳಿಯುತ್ತೆ.

ಶುರುವಿಗೇ ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ನಾವು ಭಾಷಾ ಅಲ್ಪಸಂಖ್ಯಾತರು, ನಮಗೆ ಕೇಂದ್ರದ ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ ಸಿಗುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಿಗಲ್ಲ. ಕೇಂದ್ರದ ಆ ಯೋಜನೆಗಳು 1992ರ ಅಲ್ಪಸಂಖ್ಯಾತರ ಆಯೋಗದ ಕಾಯ್ದೆಯಡಿ ಗುರುತಿಸಿದ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, ಜೈನ ಸಮುದಾಯಗಳಿಗೆ. ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನದ 29, 30, 350ಎ, 350ಬಿ ವಿಧಿಗಳ ರಕ್ಷಣೆ ಇದೆ. ಶಾಲೆ ಕೇಳಬಹುದು, ಸಂಸ್ಥೆ ಕಟ್ಟಬಹುದು. ಆದರೆ ಕನ್ನಡ ಮಾತಾಡ್ತೀನಿ ಅನ್ನೋ ಒಂದೇ ಕಾರಣಕ್ಕೆ ಕೇಂದ್ರದಿಂದ ಖಾತೆಗೆ ದುಡ್ಡು ಬರಲ್ಲ. ಅರ್ಜಿಯಲ್ಲಿ ಆ ಕಲಂ ಒತ್ತಿ ತಿರಸ್ಕಾರ ಮಾಡಿಸಿಕೊಂಡು ವರ್ಷ ಕಳೆಯಬೇಡಿ.

ಹಾಗಾದರೆ ಏನು ಸಿಗುತ್ತೆ?

ಮೊದಲು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳು ಕೇಳಿ. ನಿಮಗಿರುವ ದೊಡ್ಡ ಆಸರೆ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ. ಮನೆಯ ವರ್ಷದ ಆದಾಯ 2.5 ಲಕ್ಷ ರೂಪಾಯಿ ಒಳಗಿರಬೇಕು. ವಾಪಸ್ ಬಾರದ ಕಡ್ಡಾಯ ಫೀ ಇದರಲ್ಲಿ ಬರುತ್ತೆ, ಜೊತೆಗೆ ಓದಿನ ಭತ್ಯೆ. 2021ರ ನಿಯಮದಲ್ಲಿ ಎಸ್‌ಸಿ ವಿದ್ಯಾರ್ಥಿಗಳ ಭತ್ಯೆಯನ್ನು ನಾಲ್ಕು ಗುಂಪು ಮಾಡಿದ್ದಾರೆ. ವೃತ್ತಿಪರ ಪದವಿಗಳ ಮೊದಲ ಗುಂಪಿನಲ್ಲಿ ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 13,500, ಮನೆಯಿಂದ ಹೋಗಿಬರುವವರಿಗೆ 7,000 ರೂಪಾಯಿ. ಎರಡನೇ ಗುಂಪಿನಲ್ಲಿ 9,500 ಮತ್ತು 6,500. ನಿಮ್ಮ ಕೋರ್ಸು ಯಾವ ಗುಂಪಿಗೆ ಬರುತ್ತೆ ಅಂತ ಕಾಲೇಜಿನ ಸ್ಕಾಲರ್‌ಶಿಪ್ ಗುಮಾಸ್ತರ ಹತ್ತಿರ ಕೇಳಿಕೊಳ್ಳಿ.

ಇಲ್ಲಿ ಗಡಿಯ ಮಕ್ಕಳು ಎಡವುವ ಜಾಗ ಒಂದಿದೆ. ಈ ಹಣ ಕೊಡಬೇಕಾದ್ದು ನೀವು ಓದುವ ರಾಜ್ಯ ಅಲ್ಲ, ನೀವು ಖಾಯಂ ವಾಸಿಯಾಗಿರುವ ರಾಜ್ಯ. ಹೊಸೂರಿನ ಹುಡುಗ ಬೆಂಗಳೂರಲ್ಲಿ ನರ್ಸಿಂಗ್ ಓದಿದರೆ ಅರ್ಜಿ ತಮಿಳುನಾಡಿಗೆ ಹೋಗಬೇಕು. ಅಕ್ಕಲಕೋಟೆಯ ಹುಡುಗಿ ಕಲಬುರಗಿಯಲ್ಲಿ ಓದಿದರೆ ಮಹಾರಾಷ್ಟ್ರಕ್ಕೆ. ಕರ್ನಾಟಕದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಕೂತು ಒದ್ದಾಡಿ ಪ್ರಯೋಜನ ಇಲ್ಲ. ಅದು ಕೇಳುವುದು ಕರ್ನಾಟಕದ ನಾಡಕಚೇರಿ ಕೊಟ್ಟ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಅದು ನಿಮ್ಮ ಹತ್ತಿರ ಇರಲ್ಲ.

ಅಜ್ಜನ ಊರು ಕರ್ನಾಟಕದಲ್ಲಿದೆ, ಅಲ್ಲಿಂದ ಜಾತಿ ಪತ್ರ ಮಾಡಿಸೋಣ ಅಂತ ಯಾರಾದರೂ ಹೇಳಿಕೊಡಬಹುದು. ಕಿವಿಗೆ ಹಾಕಿಕೊಳ್ಳಬೇಡಿ. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಕುಟುಂಬದ ಹುಡುಗನೊಬ್ಬ ಮುಂಬೈಯಲ್ಲಿ ಬೆಳೆದು, ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿದ. 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು ಇಷ್ಟು: ಜಾತಿ, ಪಂಗಡದ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು, ರಾಜ್ಯ ದಾಟಿದರೆ ಆ ಸೌಲಭ್ಯ ಜೊತೆಗೆ ಬರಲ್ಲ. ಆ ತೀರ್ಪು ಮೆಡಿಕಲ್ ಸೀಟಿನ ಜಗಳದಿಂದಲೇ ಹುಟ್ಟಿದ್ದು ಅನ್ನೋದು ನೆನಪಿರಲಿ. ಎರಡು ರಾಜ್ಯದ ಪತ್ರ ಇಟ್ಟುಕೊಂಡರೆ ಸೀಟೂ ಹೋಗುತ್ತೆ, ಕೇಸೂ ಬೀಳುತ್ತೆ.

ಇನ್ನೊಂದು ಮಾತು. ಎಸ್‌ಸಿ ವಿದ್ಯಾರ್ಥಿಗಳಿಗೆ ಫ್ರೀಶಿಪ್ ಕಾರ್ಡ್ ಅನ್ನೋ ಸೌಲಭ್ಯ 2021ರ ನಿಯಮದಲ್ಲಿದೆ. ಅದು ಇದ್ದರೆ ಫೀ ಮುಂಗಡ ಕಟ್ಟದೆ ಸೇರಬಹುದು, ವಿದ್ಯಾರ್ಥಿವೇತನ ಬಂದ ಮೇಲೆ ಕಾಲೇಜಿಗೆ ಕಟ್ಟಬಹುದು. ಈಗ ಕೇಂದ್ರದ 60 ಪಾಲು ನೇರ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತೆ. ಬಂದ ದಿನ ಮನೆಯಲ್ಲಿ ನೂರು ಕಷ್ಟ ಇರಬಹುದು, ಆದರೆ ಅದರಲ್ಲಿ ಫೀ ಭಾಗ ಕಾಲೇಜಿನದು. ಅದನ್ನ ಮುಟ್ಟಬೇಡಿ.

ಹಿಂದುಳಿದ ವರ್ಗ ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ ಕೇಂದ್ರದ ಪಿಎಂ ಯಶಸ್ವಿ ಯೋಜನೆಯಡಿ ಪೋಸ್ಟ್ ಮೆಟ್ರಿಕ್ ಸಹಾಯ ಇದೆ, ಆದಾಯದ ಮಿತಿ ಅದೇ 2.5 ಲಕ್ಷ. ಇದನ್ನೂ ನಡೆಸುವುದು ನಿಮ್ಮ ರಾಜ್ಯವೇ.

ಈಗ ರಾಜ್ಯ ಯಾವುದು ಅಂತ ಅಷ್ಟಾಗಿ ಕೇಳದ ಕೆಲವು ದಾರಿ ಹೇಳ್ತೀವಿ. ಗಡಿಯ ಮಕ್ಕಳಿಗೆ ಇವು ಬಹಳ ಮುಖ್ಯ, ಆದರೆ ನಮ್ಮಲ್ಲಿ ಅರ್ಜಿ ಹಾಕೋರು ಕಡಿಮೆ.

ಒಂದು, ಕೇಂದ್ರದ ಕಾಲೇಜು ವಿದ್ಯಾರ್ಥಿವೇತನ. ಹನ್ನೆರಡನೇ ತರಗತಿಯಲ್ಲಿ ನಿಮ್ಮ ಬೋರ್ಡಿನ ಮೇಲಿನ 20 ಶೇಕಡಾ ಒಳಗೆ ಬಂದಿರಬೇಕು, ಮನೆ ಆದಾಯ 4.5 ಲಕ್ಷ ಮೀರಬಾರದು. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರದಲ್ಲಿ 20,000. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಅರ್ಜಿ. ಜಾತಿ ಯಾವುದೇ ಇರಲಿ ಹಾಕಬಹುದು. ಆದರೆ ಬೇರೆ ವಿದ್ಯಾರ್ಥಿವೇತನ ತಗೊಳ್ತಿದ್ದರೆ ಇದು ಸಿಗಲ್ಲ.

ಎರಡು, ಬೀಡಿ ಕಟ್ಟುವವರ ಮಕ್ಕಳಿಗೆ. ಮಂಜೇಶ್ವರ, ಕಾಸರಗೋಡು, ಸೊಲ್ಲಾಪುರ ಕಡೆ ಎಷ್ಟು ಮನೆ ಬೀಡಿಯಿಂದ ನಡೀತಿದೆ ಅಂತ ನಾವು ಹೇಳಬೇಕಿಲ್ಲ. ಕೇಂದ್ರ ಕಾರ್ಮಿಕ ಇಲಾಖೆ ಬೀಡಿ ಕಾರ್ಮಿಕರ, ಸುಣ್ಣದಕಲ್ಲು, ಕಬ್ಬಿಣದ ಅದಿರು ಗಣಿ ಕಾರ್ಮಿಕರ ಮಕ್ಕಳ ಓದಿಗೆ ವರ್ಷಕ್ಕೆ 1,000ದಿಂದ 25,000 ರೂಪಾಯಿವರೆಗೆ ಕೊಡುತ್ತೆ. ಮೇಲಿನ ಮೊತ್ತ ಮೆಡಿಕಲ್, ಎಂಜಿನಿಯರಿಂಗ್‌ನಂಥ ವೃತ್ತಿಪರ ಪದವಿಗೆ. ಅಮ್ಮನ ಹೆಸರಲ್ಲಿ ಕಾರ್ಮಿಕ ಕಲ್ಯಾಣದ ಗುರುತಿನ ಚೀಟಿ ಇರಬೇಕು. ಎಷ್ಟೋ ಅಮ್ಮಂದಿರು ಮೂವತ್ತು ವರ್ಷ ಬೀಡಿ ಕಟ್ಟಿದ್ದಾರೆ, ಚೀಟಿ ಮಾತ್ರ ಮಾಡಿಸಿಲ್ಲ. ಮನೆಗೆ ಹೋದ ತಕ್ಷಣ ಮೊದಲು ಅದನ್ನ ಕೇಳಿ. ಅಪ್ಪ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸದವರಾದರೆ ನಿಮ್ಮ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಇದೆಯಾ ನೋಡಿ. ಅಲ್ಲೂ ಮಕ್ಕಳ ಓದಿಗೆ ಸಹಾಯ ಇರುತ್ತೆ.

ಮೂರು, ಇಎಸ್‌ಐ. ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು ಕೇಳಿಸಿಕೊಳ್ಳಿ. ಸಂಬಳದಿಂದ ಇಎಸ್‌ಐ ವಂತಿಗೆ ಕಟ್ ಆಗ್ತಿದ್ದರೆ ಅಪ್ಪನೋ ಅಮ್ಮನೋ ವಿಮಾದಾರರು. ಇಎಸ್‌ಐ ನಿಗಮದ್ದೇ ಮೆಡಿಕಲ್ ಕಾಲೇಜುಗಳಿವೆ: ಬೆಂಗಳೂರಿನ ರಾಜಾಜಿನಗರ, ಕಲಬುರಗಿ, ಚೆನ್ನೈನ ಕೆ.ಕೆ. ನಗರ, ಹೈದರಾಬಾದಿನ ಸನತ್‌ನಗರ. ಅಲ್ಲಿ ವಿಮಾದಾರರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ, ಫೀ ಖಾಸಗಿ ಕಾಲೇಜಿನ ಮುಂದೆ ಏನೂ ಅಲ್ಲ. ನೀಟ್ ಬರೆದಿರಬೇಕು, ವಿಮಾದಾರರ ಮಕ್ಕಳು ಅನ್ನೋ ಪತ್ರವನ್ನು ಕೌನ್ಸೆಲಿಂಗ್ ಹೊತ್ತಿಗೆ ಇಎಸ್‌ಐನಿಂದ ಪಡೆದಿರಬೇಕು. ವಂತಿಗೆ ಎಷ್ಟು ಕಾಲ ಕಟ್ಟಿದ್ದಾರೆ ಅನ್ನೋದನ್ನ ನೋಡ್ತಾರೆ.

ನಾಲ್ಕು, ಸೇನೆ. ಸಶಸ್ತ್ರ ಪಡೆಗಳ ಆರು ನರ್ಸಿಂಗ್ ಕಾಲೇಜುಗಳಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ. ಒಟ್ಟು 220 ಸೀಟು. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೇ 40. ಓದು, ಊಟ, ವಸತಿ ಸೇನೆಯದು, ಮೇಲೆ ಕೈಗೆ ಸ್ಟೈಪೆಂಡ್. ಮುಗಿದ ಮೇಲೆ ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಕೆಲಸ ಮಾಡ್ತೀನಿ ಅಂತ ಬಾಂಡ್ ಬರೆದುಕೊಡಬೇಕು. ನೀಟ್ ಅಂಕದ ಮೇಲೆ ಕರೀತಾರೆ. ಪುಣೆಯ ಸಶಸ್ತ್ರ ಪಡೆಗಳ ಮೆಡಿಕಲ್ ಕಾಲೇಜಿನ ಎಂಬಿಬಿಎಸ್‌ಗೂ ಇದೇ ರೀತಿ, ಅಲ್ಲಿ ಗಂಡುಮಕ್ಕಳಿಗೂ ಅವಕಾಶ ಇದೆ. ಇಲ್ಲಿ ಯಾವ ಊರು, ಯಾವ ಮಾಧ್ಯಮ ಅಂತ ಯಾರೂ ಕೇಳಲ್ಲ. ಮಾಜಿ ಸೈನಿಕರ ಮಕ್ಕಳಿಗೆ ಬೇರೆ ಓದಿಗೂ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ: ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500, ಹನ್ನೆರಡನೇ ತರಗತಿಯಲ್ಲಿ 60 ಶೇಕಡಾ ಬೇಕು.

ಇನ್ನು ರಾಜ್ಯವಾರು ನೋಡೋಣ. ನಿಮ್ಮ ರಾಜ್ಯ ಬಂದಾಗ ಬರೆದುಕೊಳ್ಳಿ.

ತಮಿಳುನಾಡು. ತಾಳವಾಡಿ, ಹೊಸೂರು, ನೀಲಗಿರಿಯವರೇ, ನಿಮ್ಮ ಸರ್ಕಾರಿ ಶಾಲೆಯೇ ನಿಮ್ಮ ಆಸ್ತಿ. 2020ರ ಕಾಯ್ದೆ ಪ್ರಕಾರ ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ಮೆಡಿಕಲ್, ಡೆಂಟಲ್, ಸಿದ್ಧ, ಹೋಮಿಯೋಪಥಿ ಸೀಟುಗಳಲ್ಲಿ 7.5 ಶೇಕಡಾ ಒಳಮೀಸಲಾತಿ ಇದೆ, ಫೀಯನ್ನೂ ಸರ್ಕಾರವೇ ಕಟ್ಟುತ್ತೆ. ಕಾಯ್ದೆ ಕೇಳುವುದು ಸರ್ಕಾರಿ ಶಾಲೆಯಾ ಅಂತ, ಯಾವ ಮಾಧ್ಯಮ ಅಂತ ಅಲ್ಲ. ಕೃಷ್ಣಗಿರಿ ಮತ್ತು ಊಟಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳು 2022ರ ಜನವರಿಯಲ್ಲಿ ಉದ್ಘಾಟನೆಯಾಗಿವೆ. ಈಗ ಸೀಟು ದೂರದ್ದಲ್ಲ. ಹುಡುಗಿಯರಿಗೆ 2022ರಿಂದ ಪುದುಮೈ ಪೆಣ್, ಹುಡುಗರಿಗೆ 2024ರಿಂದ ತಮಿಳ್ ಪುದಲ್ವನ್. ತಮಿಳುನಾಡಿನ ಕಾಲೇಜಿಗೆ ಸೇರಿದರೆ ಓದು ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ. ಇಲ್ಲಿ ಒಂದು ಮುಳ್ಳಿದೆ, ಗಮನಿಸಿ. ಸರ್ಕಾರಿ ಶಾಲೆಯವರಿಗೆ ತೊಂದರೆ ಇಲ್ಲ. ಅನುದಾನಿತ ಶಾಲೆಯವರಿಗೆ ಮಾತ್ರ ತಮಿಳು ಮಾಧ್ಯಮ ಅನ್ನೋ ಷರತ್ತು ಹಾಕಿದ್ದಾರೆ. ಅನುದಾನಿತ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇದರಿಂದ ಹೊರಗುಳಿಯುತ್ತೆ. ಈ ಮಾತಿಗೆ ಕೊನೆಯಲ್ಲಿ ಬರ್ತೀವಿ. ಮನೆಯಲ್ಲಿ ನೀವೇ ಮೊದಲ ಪದವೀಧರರಾದರೆ ತಹಶೀಲ್ದಾರರಿಂದ ಮೊದಲ ಪದವೀಧರ ಪತ್ರ ಮಾಡಿಸಿ. ಸರ್ಕಾರಿ ಕೌನ್ಸೆಲಿಂಗಿನಲ್ಲಿ ಸಿಕ್ಕ ವೃತ್ತಿಪರ ಸೀಟಿಗೆ ಬೋಧನಾ ಶುಲ್ಕದಲ್ಲಿ ರಿಯಾಯಿತಿ ಇದೆ.

ಕೇರಳ. ಕಾಸರಗೋಡು, ವಯನಾಡಿನವರಿಗೆ ಇ-ಗ್ರಾಂಟ್ಸ್ ಪೋರ್ಟಲ್ ಮುಖ್ಯ ಬಾಗಿಲು. ಎಸ್‌ಸಿ ಮಕ್ಕಳು ಬ್ಲಾಕಿನ ಪರಿಶಿಷ್ಟ ಜಾತಿ ಅಭಿವೃದ್ಧಿ ಅಧಿಕಾರಿಯನ್ನ ಸೀಟು ಹಿಡಿಯೋ ಮೊದಲೇ ಕಾಣಿ. ಮಂಗಳೂರಲ್ಲಿ ಓದೋದಾದರೆ ಯಾವ ಷರತ್ತಿನ ಮೇಲೆ ಕೊಡ್ತಾರೆ ಅಂತ ಅವರ ಬಾಯಿಂದಲೇ ಕೇಳಿ. ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯದವರಿಗೆ, ಅಂದರೆ ನಮ್ಮ ಬ್ಯಾರಿ, ಕ್ರೈಸ್ತ ಮನೆಯ ಮಕ್ಕಳಿಗೆ, ನರ್ಸಿಂಗ್ ಡಿಪ್ಲೊಮಾ ಮತ್ತು ಪ್ಯಾರಾಮೆಡಿಕಲ್ ಓದಿಗೆಂದೇ ಕೇರಳದ ಅಲ್ಪಸಂಖ್ಯಾತ ಕಲ್ಯಾಣ ಇಲಾಖೆಯ ಮದರ್ ತೆರೇಸಾ ವಿದ್ಯಾರ್ಥಿವೇತನ ಇದೆ. ಮೀಸಲಾತಿ ಇಲ್ಲದ ಸಮುದಾಯಗಳ ಬಡ ಮಕ್ಕಳಿಗೆ ವಿದ್ಯಾಸಮುನ್ನತಿ ಇದೆ. ಉಕ್ಕಿನಡ್ಕದ ಕಾಸರಗೋಡು ಸರ್ಕಾರಿ ಮೆಡಿಕಲ್ ಕಾಲೇಜಿಗೆ, ವಯನಾಡಿನ ಕಾಲೇಜಿಗೆ 2025ರಲ್ಲಿ ಎಂಬಿಬಿಎಸ್ ಸೀಟು ಮಂಜೂರಾಗಿದೆ. ಎಷ್ಟು ವರ್ಷ ಕಾದೆವು! ಆ ಬೆಂಚಿನ ಮೇಲೆ ನಮ್ಮ ಮಕ್ಕಳೂ ಕೂರಬೇಕು.

ಮಹಾರಾಷ್ಟ್ರ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದವರು ಮಹಾಡಿಬಿಟಿ ಪೋರ್ಟಲ್ ನೋಡಿ. 2024ರ ಜುಲೈನಿಂದ ದೊಡ್ಡ ಬದಲಾವಣೆ ಆಗಿದೆ. ಆದಾಯ 8 ಲಕ್ಷದ ಒಳಗಿರುವ ಒಬಿಸಿ, ಎಸ್‌ಇಬಿಸಿ, ಇಡಬ್ಲ್ಯೂಎಸ್ ಮನೆಯ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಆದರೆ ಸರ್ಕಾರದ ಕೇಂದ್ರೀಕೃತ ಪ್ರವೇಶದಲ್ಲಿ ಸಿಕ್ಕ ಸೀಟಾಗಿರಬೇಕು. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ, ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಇಲ್ಲ. ಅಕ್ಕಲಕೋಟೆಯ ಹುಡುಗಿ ಸೊಲ್ಲಾಪುರದ ಕಾಲೇಜು ಬಿಟ್ಟು ಏಜೆಂಟ್ ಮಾತು ಕೇಳಿ ಗಡಿ ದಾಟಿದರೆ ಈ ಮಾಫಿಯನ್ನೇ ಬಿಟ್ಟುಹೋದಂತೆ. ಹಾಸ್ಟೆಲ್ ಸಿಗದ ಎಸ್‌ಸಿ, ನವಬೌದ್ಧ ಮಕ್ಕಳಿಗೆ ಸ್ವಾಧಾರ್ ಯೋಜನೆ. ಸಣ್ಣ ರೈತರ, ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಡಾ. ಪಂಜಾಬರಾವ್ ದೇಶಮುಖ್ ಹಾಸ್ಟೆಲ್ ಭತ್ಯೆ.

ಅಲ್ಲಿ ಎಲ್ಲಕ್ಕಿಂತ ತಡ ಮಾಡುವುದು ಕಾಸ್ಟ್ ವ್ಯಾಲಿಡಿಟಿ. ಜಾತಿ ಪತ್ರ ಸಾಲದು, ಅದನ್ನ ಜಿಲ್ಲಾ ಸಮಿತಿ ಪರಿಶೀಲಿಸಿ ಕೊಡುವ ಪತ್ರವೂ ಬೇಕು. ಒಬಿಸಿಯವರು 1967ರ ಅಕ್ಟೋಬರ್ 13ಕ್ಕಿಂತ ಹಿಂದಿನ ದಾಖಲೆ, ಎಸ್‌ಸಿಯವರು 1950ಕ್ಕಿಂತ ಹಿಂದಿನದು ತೋರಿಸಬೇಕು. ನಮ್ಮ ಎಷ್ಟೋ ಮನೆಗಳ ಅಜ್ಜಂದಿರ ಶಾಲೆ ದಾಖಲೆ ವಿಜಯಪುರದ ಕಡೆ ಇರುತ್ತೆ, ಇಲ್ಲವೇ ಕನ್ನಡ ಶಾಲೆಯ ಹಳೇ ರಿಜಿಸ್ಟರಿನಲ್ಲಿ ಕನ್ನಡದಲ್ಲೇ ಇರುತ್ತೆ. ಹುಡುಕಿ, ನಕಲು ತೆಗೆಸಿ, ಅನುವಾದ ಮಾಡಿಸೋಕೆ ತಿಂಗಳುಗಳೇ ಬೇಕು. ಹನ್ನೊಂದನೇ ತರಗತಿಯಲ್ಲೇ ಈ ಕೆಲಸ ಶುರು ಮಾಡಿ.

ಆಂಧ್ರ, ತೆಲಂಗಾಣ. ಆದೋನಿ, ರಾಯದುರ್ಗ, ಮಡಕಶಿರಾದವರಿಗೆ ಆಂಧ್ರದ ಫೀ ಮರುಪಾವತಿ ಜ್ಞಾನಭೂಮಿ ಪೋರ್ಟಲಿನಲ್ಲಿ, ತೆಲಂಗಾಣದವರಿಗೆ ಇ-ಪಾಸ್‌ನಲ್ಲಿ. ಆಂಧ್ರದಲ್ಲಿ ಕನ್ವೀನರ್ ಕೋಟಾದ ಸೀಟಿಗೆ ಮಾತ್ರ ಮರುಪಾವತಿ. ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆ ನೀವು ಸ್ಥಳೀಯರಾ ಅನ್ನೋದು. ಸಂವಿಧಾನದ 371ಡಿ ವಿಧಿಯ ವ್ಯವಸ್ಥೆಯಲ್ಲಿ ಆಂಧ್ರದ 85 ಶೇಕಡಾ ಸೀಟು ಸ್ಥಳೀಯರಿಗೆ, ಮತ್ತು ಸ್ಥಳೀಯತೆಯ ಮುಖ್ಯ ಅಳತೆ ಅಂದರೆ ಅರ್ಹತಾ ಪರೀಕ್ಷೆಗೆ ಮುಗಿಯುವ ಸತತ ನಾಲ್ಕು ವರ್ಷದ ಓದು. ತೆಲಂಗಾಣದಲ್ಲೂ ನಾಲ್ಕು ವರ್ಷದ ನಿಯಮವೇ. ಮಡಕಶಿರಾದ ಹುಡುಗ ಹತ್ತನೇ ತರಗತಿ ಮುಗಿಸಿ, ಹತ್ತಿರ ಅಂತ ಶಿರಾದಲ್ಲೋ ಪಾವಗಡದಲ್ಲೋ ಪಿಯುಸಿ ಸೇರ್ತಾನೆ. ಅಲ್ಲಿಗೆ ನಾಲ್ಕು ವರ್ಷದ ಸರಪಳಿ ಕಡೀತು. ಕರ್ನಾಟಕದಲ್ಲಿ ಏಳು ವರ್ಷ ಓದಿಲ್ಲ, ಅಲ್ಲಿಯೂ ಸುಲಭ ಇಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಪಿಯುಸಿ ಎಲ್ಲಿ ಅನ್ನೋ ನಿರ್ಧಾರ ಬಸ್ಸಿನ ಟೈಮ್ ನೋಡಿ ಮಾಡಬೇಡಿ, ಇದನ್ನ ನೋಡಿ ಮಾಡಿ. ತೆಲಂಗಾಣದಲ್ಲಿ ಹತ್ತು, ಹನ್ನೆರಡು ಎರಡೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಮುಗಿಸಿದ ಹುಡುಗಿಯರು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನಕ್ಕೂ ಮೊದಲ ವರ್ಷದಲ್ಲೇ ಅರ್ಜಿ ಹಾಕಿ.

ಹಾಗಾದರೆ ಕರ್ನಾಟಕದಲ್ಲಿ ಓದಲೇಬಾರದಾ? ಓದಬಹುದು. ಮಂಗಳೂರು, ಬೆಂಗಳೂರು, ಬಳ್ಳಾರಿ ನಮಗೆ ಹತ್ತಿರ, ಭಾಷೆ ನಮ್ಮದು. ಆದರೆ ಸರಿಯಾದ ಬಾಗಿಲಿನಿಂದ ಹೋಗಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮದಲ್ಲಿ ಗಡಿನಾಡು ಕನ್ನಡಿಗ, ಹೊರನಾಡು ಕನ್ನಡಿಗ ಅನ್ನೋ ಅರ್ಹತೆಯ ಕಲಂಗಳಿವೆ. ಗಡಿನಾಡಿನ ಕಲಂನಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಹೆಸರಿದೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಉಳಿದ ಗಡಿಗಳವರು ಹೊರನಾಡಿನ ಕಲಂ ಓದಿ ನೋಡಬೇಕು. ಎರಡರಲ್ಲೂ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅರ್ಜಿ ತುಂಬುವ ದಿನವೇ ಆ ಕಲಂ ಆರಿಸಬೇಕು. ಸೈಬರ್ ಸೆಂಟರಿನವರು ಬೇರೆ ರಾಜ್ಯ ಅಂತ ಒತ್ತಿಬಿಟ್ಟರೆ ಸರ್ಕಾರಿ ಕೋಟಾದ ಸೀಟು ಕೈತಪ್ಪುತ್ತೆ. ಬಿ.ಎಸ್ಸಿ. ನರ್ಸಿಂಗ್ ಸೀಟುಗಳೂ ಈಗ ಈ ಪ್ರಾಧಿಕಾರದ ಮೂಲಕ ಹಂಚಿಕೆಯಾಗ್ತವೆ. ಸರ್ಕಾರಿ ಕೋಟಾದ ಫೀಗೂ ಮ್ಯಾನೇಜ್‌ಮೆಂಟ್ ಫೀಗೂ ಇರುವ ವ್ಯತ್ಯಾಸವೇ ನಿಮಗೆ ಸಿಗುವ ದೊಡ್ಡ ಸ್ಕಾಲರ್‌ಶಿಪ್.

ಇಷ್ಟಾದರೂ ದುಡ್ಡು ಸಾಲದೆ ಬಂದರೆ ಬ್ಯಾಂಕ್ ಸಾಲ. ಬಡ್ಡಿ ಅಂಗಡಿಗೆ, ಚಿನ್ನದ ಸಾಲಕ್ಕೆ ಹೋಗೋ ಮೊದಲು ಇಲ್ಲಿ ಬನ್ನಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ನರ್ಸಿಂಗ್ ಪದವಿ ಮಾತ್ರ ಅಲ್ಲ, ಮಾನ್ಯತೆ ಇರುವ ಡಿಪ್ಲೊಮಾವೂ ಸೇರುತ್ತೆ. 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ; ಕೇಂದ್ರದ ಖಾತರಿ ನಿಧಿ ಇದೆ. ಓದು ಮತ್ತು ಮುಂದಿನ ಒಂದು ವರ್ಷ ಕಂತು ಇಲ್ಲ. ಆದಾಯ 4.5 ಲಕ್ಷದ ಒಳಗಿದ್ದು ವೃತ್ತಿಪರ ಕೋರ್ಸ್ ಆದರೆ ಆ ಅವಧಿಯ ಬಡ್ಡಿಯನ್ನ ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ. ಒಂದು ಸಲ ಮಾತ್ರ, ಓದು ಅರ್ಧಕ್ಕೆ ಬಿಟ್ಟರೆ ಇಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಓದುವವರಿಗೆ, ಆದಾಯ 8 ಲಕ್ಷದವರೆಗಿದ್ದರೂ 10 ಲಕ್ಷದ ಸಾಲದವರೆಗೆ ಬಡ್ಡಿಯಲ್ಲಿ 3 ಶೇಕಡಾ ರಿಯಾಯಿತಿ ಇದೆ.

ಬ್ಯಾಂಕಿನವರು ನಿಮ್ಮೂರು ನಮ್ಮ ಏರಿಯಾ ಅಲ್ಲ ಅಂದರೆ ಎದ್ದು ಬರಬೇಡಿ. ಸೇವಾ ವ್ಯಾಪ್ತಿಯ ಕಾರಣ ಕೊಟ್ಟು ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಕೊಡಲ್ಲ ಅನ್ನೋದಾದರೆ ಕಾರಣವನ್ನ ಬರೆದು ಕೊಡಿ ಅಂತ ವಿನಯವಾಗಿ ಕೇಳಿ. ಬಾಯಲ್ಲಿ ಇಲ್ಲ ಅಂದವರು ಬರೆಯೋಕೆ ಪೆನ್ನು ತೆಗೆದಾಗ ಎಷ್ಟೋ ಸಲ ಮನಸ್ಸು ಬದಲಾಯಿಸ್ತಾರೆ.

ಇನ್ನು ಕಾಗದ ಪತ್ರ. ಇದು ಬೇಜಾರಿನ ವಿಷಯ, ಆದರೆ ಅರ್ಧ ಅರ್ಜಿ ಸಾಯೋದು ಇಲ್ಲೇ.

ಹೆಸರು ಎಲ್ಲ ಕಡೆ ಒಂದೇ ಇರಲಿ. ಗಡಿಯ ಮಕ್ಕಳ ಹೆಸರು ಆಧಾರಿನಲ್ಲಿ ಒಂದು, ಟಿಸಿಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಮರಾಠಿಯಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಸೇರುತ್ತೆ. ತಮಿಳು, ಮಲಯಾಳದಲ್ಲಿ ಇನಿಶಿಯಲ್ ಮುಂದೆ ಹಿಂದೆ ಆಗುತ್ತೆ. ಹತ್ತನೇ ತರಗತಿ ಅಂಕಪಟ್ಟಿಯ ಹೆಸರಿಗೆ ಉಳಿದದ್ದನ್ನೆಲ್ಲ ಹೊಂದಿಸಿ.

ಬ್ಯಾಂಕ್ ಖಾತೆ ವಿದ್ಯಾರ್ಥಿಯ ಹೆಸರಲ್ಲೇ ಇರಲಿ. ಆಧಾರ್ ಲಿಂಕ್ ಅಂದರೆ ಸಾಲದು, ಡಿಬಿಟಿಗೆ ಸೀಡ್ ಆಗಿದೆಯಾ ಅಂತ ಕೇಳಿ. ರಾಷ್ಟ್ರೀಯ ಪೋರ್ಟಲಿನಲ್ಲಿ ಒಂದು ಬಾರಿಯ ನೋಂದಣಿ ಸಂಖ್ಯೆ ಈಗಲೇ ಮಾಡಿಸಿಟ್ಟುಕೊಳ್ಳಿ. ಆದಾಯ ಪತ್ರ ಆ ವರ್ಷದ್ದಾಗಿರಲಿ. ಎಲ್ಲ ಪತ್ರಕ್ಕೂ ಇಂಗ್ಲಿಷ್ ಪ್ರತಿ ಕೇಳಿ ತಗೊಳ್ಳಿ. ಮಲಯಾಳ, ಮರಾಠಿ ಪತ್ರ ಹಿಡಿದು ಬೇರೆ ರಾಜ್ಯದ ಕೌಂಟರಿನಲ್ಲಿ ನಿಂತರೆ ಮತ್ತೆ ಅನುವಾದದ ಓಡಾಟ.

ಅಂಕಪಟ್ಟಿ, ಟಿಸಿ ಮೂಲಪ್ರತಿಗಳನ್ನ ಕಾಲೇಜು ಇಟ್ಟುಕೊಳ್ಳುವಂತಿಲ್ಲ. ನೋಡಿ, ತಾಳೆ ಮಾಡಿ, ಅಲ್ಲೇ ವಾಪಸ್ ಕೊಡಬೇಕು ಅಂತ ಯುಜಿಸಿ 2018ರಲ್ಲೇ ವಿಶ್ವವಿದ್ಯಾಲಯ ಮತ್ತು ಅವುಗಳ ಕಾಲೇಜುಗಳಿಗೆ ಹೇಳಿದೆ. ಮೂಲಪ್ರತಿ ಒತ್ತೆ ಇಟ್ಟುಕೊಳ್ಳುವ ಕಾಲೇಜಿನಿಂದ ದೂರ ಇರಿ.

ಅಡ್ವಾನ್ಸ್ ಕಟ್ಟೋ ಮೊದಲು ಐದು ಪ್ರಶ್ನೆ ಕೇಳಿ. ಬರೆದುಕೊಳ್ಳಿ:

ಈ ಕಾಲೇಜಿಗೆ, ಈ ಕೋರ್ಸಿಗೆ ಈ ವರ್ಷ ನರ್ಸಿಂಗ್ ಕೌನ್ಸಿಲ್ ಅಥವಾ ಸಂಬಂಧಪಟ್ಟ ಮಂಡಳಿಯ ಮಾನ್ಯತೆ ಇದೆಯಾ?

ಸೀಟು ಸರ್ಕಾರಿ ಕೌನ್ಸೆಲಿಂಗಿನದಾ, ಮ್ಯಾನೇಜ್‌ಮೆಂಟಿನದಾ?

ನಾಲ್ಕೂ ವರ್ಷದ ಒಟ್ಟು ಖರ್ಚು ಎಷ್ಟು? ಹಾಸ್ಟೆಲ್, ಯೂನಿಫಾರ್ಮ್, ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯ ಓಡಾಟ, ಪರೀಕ್ಷಾ ಫೀ ಎಲ್ಲ ಸೇರಿಸಿ.

ನಮ್ಮ ರಾಜ್ಯದ ಯಾವ ಯೋಜನೆ ಈ ಸೀಟಿಗೆ ಅನ್ವಯಿಸುತ್ತೆ? ಇದನ್ನ ಏಜೆಂಟ್ ಹೇಳೋದು ಬೇಡ, ಇಲಾಖೆಯ ಕಚೇರಿಯಲ್ಲಿ ಕೇಳಿ.

ಬಾಂಡ್ ಇದೆಯಾ, ಇದ್ದರೆ ಎಷ್ಟು ವರ್ಷ, ಮುರಿದರೆ ಎಷ್ಟು ದಂಡ? ಮಹಾರಾಷ್ಟ್ರದ ಸರ್ಕಾರಿ ಎಂಬಿಬಿಎಸ್‌ಗೆ ಒಂದು ವರ್ಷದ ಸೇವೆ, ತಪ್ಪಿದರೆ 10 ಲಕ್ಷ. ಬಾಂಡ್ ಅಂದರೆ ಹೆದರಬೇಡಿ. ಸರ್ಕಾರಿ ಸೇವೆಯ ಬಾಂಡ್ ಒಳ್ಳೇ ಅನುಭವ. ಆದರೆ ಗೊತ್ತಿದ್ದು ಸಹಿ ಹಾಕಿ.

ಈ ಐದಕ್ಕೂ ಉತ್ತರ ಕಾಗದದ ಮೇಲೆ ಇಲ್ಲದಿದ್ದರೆ ಒಂದು ರೂಪಾಯಿನೂ ಕಟ್ಟಬೇಡಿ.

ಕೊನೆಗೆ, ನಾವು ಕೇಳಬೇಕಾದ್ದು ಕೆಲವಿದೆ. ಕನ್ನಡ ಮಾಧ್ಯಮದ ಅನುದಾನಿತ ಶಾಲೆಯ ಮಗುವಿಗೂ ತಿಂಗಳ ಸಾವಿರ ರೂಪಾಯಿ ಕೊಡಿ ಅಂತ ತಮಿಳುನಾಡನ್ನ ಕೇಳಬೇಕು. ಆ ಮಗುವೂ ಅಲ್ಲಿನದೇ. ಗಡಿನಾಡು ಕನ್ನಡಿಗ ಅಂತ ಸೀಟು ಕೊಡುವ ಕರ್ನಾಟಕವನ್ನ, ಆ ಸೀಟಿನಲ್ಲಿ ಕೂತ ಮಗುವಿಗೆ ವಿದ್ಯಾರ್ಥಿವೇತನದ ಪೋರ್ಟಲಿನಲ್ಲೂ ಒಂದು ಕಲಂ ಕೊಡಿ ಅಂತ ಕೇಳಬೇಕು. ಸೀಟಿಗೆ ಕನ್ನಡಿಗಳು, ಸ್ಕಾಲರ್‌ಶಿಪ್ಪಿಗೆ ಹೊರಗಿನವಳು ಅಂದರೆ ಯಾವ ನ್ಯಾಯ? ಈ ಮನವಿಗಳನ್ನ ನಾವು ಬರೀತೀವಿ. ನಿಮ್ಮ ತಿರಸ್ಕೃತ ಅರ್ಜಿಯ ಪ್ರತಿ ನಮಗೆ ಕೊಡಿ. ಖಾಲಿ ಮಾತಿಗಿಂತ ಅಂಥ ಹತ್ತು ಅರ್ಜಿ ಮುಂದಿಟ್ಟು ಕೇಳಿದರೆ ತೂಕ ಬೇರೆ.

ಆದರೆ ನಿಯಮ ಬದಲಾಗೋವರೆಗೆ ನಿಮ್ಮ ವಯಸ್ಸು ಕಾಯಲ್ಲ. ಇರುವ ನಿಯಮದಲ್ಲೇ ದಾರಿ ಹುಡುಕಬೇಕು. ಇವತ್ತು ಇಲ್ಲಿ ಕೂತವರಲ್ಲಿ ಯಾರಾದರೂ ಒಬ್ಬರು ಒಂದು ವಿದ್ಯಾರ್ಥಿವೇತನ ಪಡೆದರೆ, ಮುಂದಿನ ವರ್ಷ ನಿಮ್ಮೂರಿನ ಇಬ್ಬರಿಗೆ ಅದೇ ಅರ್ಜಿ ತುಂಬಿಕೊಡಿ. ನಾವು ನಿಮ್ಮಿಂದ ಕೇಳೋ ಫೀ ಅಷ್ಟೇ.

ಊಟ ಆದ ಮೇಲೆ ಆ ಕಡೆ ಮೇಜಿನ ಹತ್ತಿರ ಇರ್ತೀವಿ. ಆಧಾರ್, ಅಂಕಪಟ್ಟಿ ತಂದವರು ಬನ್ನಿ, ಒಂದು ಬಾರಿಯ ನೋಂದಣಿಯನ್ನ ಇವತ್ತೇ ಮುಗಿಸೋಣ. ಬೀಡಿ ಕಟ್ಟುವ ಅಮ್ಮಂದಿರು ಚೀಟಿ ಇದ್ದರೂ ಬನ್ನಿ, ಇಲ್ಲದಿದ್ದರೂ ಬನ್ನಿ.